ಬಿದ್ದ ವಿಮಾನದ ವರದಿ ಯಾರಿಗೆ?

ಅಮೆರಿಕದ ಬಿ-36 ಬಾಂಬರ್ ತನ್ನ ಆಯುಷ್ಯದಲ್ಲಿ ಯಾವ ಶತ್ರುವಿನ ಮೇಲೂ ಬಾಂಬು ಹಾಕಲಿಲ್ಲ. 1946ರ ಆಗಸ್ಟ್‌ನಲ್ಲಿ ಮೊದಲ ಸಲ ಹಾರಿತು, 1959ರ ಫೆಬ್ರುವರಿಯಲ್ಲಿ ಮೂಲೆಗೆ ಸೇರಿತು. ರೆಕ್ಕೆಯ ಒಂದು ತುದಿಯಿಂದ ಇನ್ನೊಂದಕ್ಕೆ 70 ಮೀಟರ್. ಹೀಗೆ ಕಟ್ಟಿದ ಸುಮಾರು 380 ವಿಮಾನಗಳಲ್ಲಿ 30ಕ್ಕೂ ಹೆಚ್ಚು ಅಪಘಾತದಲ್ಲೇ ನಾಶವಾದವು. ಯುದ್ಧವಿಲ್ಲದೆ ಇಷ್ಟು ಬಲಿ ತೆಗೆದುಕೊಂಡ ಈ ವಿಮಾನದ ಬಗ್ಗೆ ನಾನು ಇಲ್ಲಿ ಬರೆಯಹೊರಟಿರುವುದಕ್ಕೆ ಕಾರಣ ಅದು ಏಕೆ ಬಿತ್ತು ಎಂಬುದನ್ನು ಇವತ್ತು ಯಾರು ಬೇಕಾದರೂ ಓದಿ ತಿಳಿಯಬಹುದು ಎಂಬ ಸಂಗತಿ.

ಅದರ ಆರು ಪಿಸ್ಟನ್ ಎಂಜಿನ್‌ಗಳ ಪಂಖಗಳು ರೆಕ್ಕೆಯ ಹಿಂಬದಿಯಲ್ಲಿದ್ದವು. ಸಾಮಾನ್ಯವಾಗಿ ಎಂಜಿನ್ ಮುಂದೆ, ಕಾರ್ಬುರೇಟರ್ ಹಿಂದೆ. ಎಂಜಿನ್ನಿನ ಕಾವು ಕಾರ್ಬುರೇಟರನ್ನು ಬೆಚ್ಚಗಿಡುತ್ತದೆ. ಇಲ್ಲಿ ಎಲ್ಲವೂ ತಿರುಗುಮುರುಗು. ಎತ್ತರದ ಕೊರೆಯುವ ಗಾಳಿ ನೇರ ಕಾರ್ಬುರೇಟರಿಗೇ ಬಡಿದು ಹಿಮ ಕಟ್ಟುತ್ತಿತ್ತು. ಗಾಳಿ ಕಡಿಮೆಯಾಗಿ ಪೆಟ್ರೋಲು ಹೆಚ್ಚಾಗಿ, ಉರಿಯದೆ ಉಳಿದದ್ದು ಹೊಗೆಕೊಳವೆಯಲ್ಲಿ ಹೊತ್ತಿಕೊಳ್ಳುತ್ತಿತ್ತು. 1950ರ ಫೆಬ್ರುವರಿ 13ರಂದು ಅಲಾಸ್ಕದಿಂದ ಟೆಕ್ಸಾಸ್‌ಗೆ ಹೊರಟ ಒಂದು ಬಿ-36ರಲ್ಲಿ ಮೂರು ಎಂಜಿನ್ ನಿಲ್ಲಿಸಬೇಕಾಯಿತು. ಅದರೊಳಗಿದ್ದ ಅಣುಬಾಂಬನ್ನು, ಪ್ಲುಟೋನಿಯಂ ತಿರುಳಿಲ್ಲದ್ದನ್ನು, ಸಮುದ್ರದ ಮೇಲೆ ಸಿಡಿಸಿ, ಹದಿನೇಳೂ ಜನ ಕೆನಡಾದ ಕರಾವಳಿಯ ದ್ವೀಪವೊಂದರ ಮೇಲೆ ಪ್ಯಾರಾಚೂಟಿನಲ್ಲಿ ಹಾರಿದರು. ಐವರು ತೀರಿಕೊಂಡರು. ಯಾರೂ ಇಲ್ಲದ ವಿಮಾನ ತಾನೇ ತಾನಾಗಿ ಹಾರುತ್ತಾ ಹೋಗಿ ಒಳನಾಡಿನ ಬೆಟ್ಟಕ್ಕೆ ಬಡಿಯಿತು. 1953ರಲ್ಲಿ, ಕಳೆದುಹೋದ ಬೇರೊಂದು ವಿಮಾನವನ್ನು ಹುಡುಕುವಾಗ ಇದರ ಅವಶೇಷ ಸಿಕ್ಕಿತು.

ಅಮೆರಿಕನ್ನರು ಬಚ್ಚಿಡಲೇ ಇಲ್ಲ ಎಂದಲ್ಲ. 1957ರ ಮೇ 22ರಂದು ಅಲ್ಬುಕರ್ಕ್ ಊರಿನ ಬಳಿ ಬಿ-36ರಿಂದ ಜಲಜನಕ ಬಾಂಬೊಂದು ಜಾರಿ ಬಿತ್ತು. ಅಣು ಸ್ಫೋಟವಾಗಲಿಲ್ಲ, ಮದ್ದು ಮಾತ್ರ ಸಿಡಿಯಿತು. ಅದರ ವಿವರ ಜನರಿಗೆ ಗೊತ್ತಾದದ್ದು 1986ರಲ್ಲಿ, ಊರಿನ ಪತ್ರಿಕೆಯೊಂದರಿಂದ. ಮೂವತ್ತು ವರ್ಷ ತಡ. ಆದರೂ ಬಂತಲ್ಲ.

ಇನ್ನು ನಮ್ಮ ಪದ್ಧತಿ. ಸೇನೆಯ ವಿಮಾನ ಬಿದ್ದರೆ ಕೋರ್ಟ್ ಆಫ್ ಎನ್‌ಕ್ವೈರಿ ಕೂರುತ್ತದೆ, ವರದಿ ಕಡತ ಸೇರುತ್ತದೆ. ಬೆಂಗಳೂರಿನ ಆಸುಪಾಸಿನ ಎರಡೇ ಅಪಘಾತ ಸಾಕು, ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. 2009ರ ಮಾರ್ಚ್ 6ರಂದು ಬಿಡದಿ ಸಮೀಪ ಸರಸ್ ವಿಮಾನದ ಎರಡನೇ ಮಾದರಿ ಬಿದ್ದು ವಾಯುಪಡೆಯ ಮೂವರು ತೀರಿಕೊಂಡರು. ಅದು ನಾಗರಿಕ ವಿಮಾನವಾದ್ದರಿಂದ ನಾಗರಿಕ ವಿಮಾನಯಾನ ನಿರ್ದೇಶನಾಲಯ ತನಿಖೆ ಮಾಡಿತು. ಹಾರಾಟದಲ್ಲೇ ಎಂಜಿನ್ ನಿಲ್ಲಿಸಿ ಮತ್ತೆ ಹೊತ್ತಿಸುವುದಕ್ಕೆ ವಿನ್ಯಾಸಕಾರರು ಬರೆದುಕೊಟ್ಟ ಕ್ರಮವೇ ತಪ್ಪು, ಅದನ್ನು ಮಾಡಿದ ಎತ್ತರವೂ ಸಾಲದು ಎಂದು ವರದಿ ಮುಚ್ಚುಮರೆಯಿಲ್ಲದೆ ಹೇಳಿತು. 2019ರ ಫೆಬ್ರುವರಿ 1ರಂದು ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ, ಎಚ್‌ಎಎಲ್ ಮೇಲ್ದರ್ಜೆಗೇರಿಸಿದ ಮಿರಾಜ್-2000 ಉರಿದು ಇಬ್ಬರು ಪರೀಕ್ಷಾ ಪೈಲಟ್‌ಗಳು ಸತ್ತರು. ಅವರೂ ವಾಯುಪಡೆಯವರೇ, ಅದೂ ಪರೀಕ್ಷಾ ಹಾರಾಟವೇ. ಆದರೆ ವಿಮಾನ ಸೇನೆಯದು. ಅಷ್ಟಕ್ಕೇ ವರದಿ ನಮ್ಮ ಕೈಗೆ ಬರಲಿಲ್ಲ.

ಕೂನೂರಿನಲ್ಲಿ 2021ರ ಡಿಸೆಂಬರ್ 8ರಂದು ಜನರಲ್ ಬಿಪಿನ್ ರಾವತ್ ಸೇರಿ ಹದಿನಾಲ್ಕು ಜನರನ್ನು ಬಲಿ ತೆಗೆದುಕೊಂಡ ಹೆಲಿಕಾಪ್ಟರ್ ದುರಂತದ ಬಗ್ಗೆ ಸಿಕ್ಕಿದ್ದು ಒಂದು ಪತ್ರಿಕಾ ಹೇಳಿಕೆ: ಹವಾಮಾನ ತಟ್ಟನೆ ಬದಲಾಯಿತು, ಮೋಡದೊಳಗೆ ಪೈಲಟ್‌ಗೆ ದಿಕ್ಕು ತಪ್ಪಿತು. ಮೂರು ವರ್ಷದ ಮೇಲೆ ಸಂಸದೀಯ ಸಮಿತಿಯ ಪಟ್ಟಿಯಲ್ಲಿ ಅದೇ ‘ಮಾನವ ದೋಷ’ ಎಂದಾಯಿತು. ಸತ್ತವನ ಮೇಲೆ ಹೊರಿಸುವುದು ಸುಲಭ. ಅವನು ಎದ್ದು ಬಂದು ಮೇಲ್ಮನವಿ ಹಾಕುವುದಿಲ್ಲ.

ಬದುಕುಳಿದವನು ಹಾಕಿದ. 2005ರ ಜನವರಿಯಲ್ಲಿ ಮಿಗ್-21 ಕೆಟ್ಟು ಹೊರಹಾರಿ, ಬೆನ್ನಿಗೆ ಪೆಟ್ಟಾಗಿ, ಮತ್ತೆ ಯುದ್ಧವಿಮಾನ ಹಾರಿಸಲಾಗದಂತಾದ ಅಧಿಕಾರಿ ಸಂಜೀತ್ ಸಿಂಗ್ ಕೈಲಾ ತಮ್ಮದೇ ಅಪಘಾತದ ವರದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕಾಯಿತು. ಅದರಲ್ಲಿದ್ದ ಕಾರಣ ಎಚ್‌ಎಎಲ್‌ನ ತಯಾರಿಕೆಯ ದೋಷ. 2017ರಲ್ಲಿ ದೆಹಲಿ ಹೈಕೋರ್ಟ್ 55 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಸೈನಿಕ ಅಪಾಯಕ್ಕೆ ಒಪ್ಪಿ ಬಂದವನಿರಬಹುದು, ಕಳಪೆ ಕೆಲಸದ ಅಪಾಯಕ್ಕೆ ಅವನು ಸಹಿ ಹಾಕಿಲ್ಲ ಎಂಬುದು ಆ ತೀರ್ಪಿನ ಸಾರ. ನಮ್ಮ ವಿಮಾನ ಸಾಹಿತ್ಯದಲ್ಲಿ ಇಷ್ಟು ಮುಖ್ಯವಾದ ಓದು ಇನ್ನೊಂದಿಲ್ಲ ಎನ್ನುತ್ತೇನೆ.

ಗುಟ್ಟಿನ ಪರವಾಗಿರುವ ವಾದವೂ ಹಗುರದ್ದಲ್ಲ. ಹೇಳಿದ ಮಾತು ನಾಳೆ ತನಗೇ ಉರುಳಾಗುತ್ತದೆ ಎಂದರೆ ಯಾವ ಮೆಕ್ಯಾನಿಕ್ ತಾನೆ ನಿಜ ಹೇಳಿಯಾನು? ಇದಕ್ಕೆ ಅಮೆರಿಕದ ವಾಯುಪಡೆ ಎರಡು ತನಿಖೆಗಳ ದಾರಿ ಹಿಡಿದಿದೆ. ಸುರಕ್ಷತೆಯ ತನಿಖೆಯಲ್ಲಿ ಆಡಿದ ಮಾತು ಒಳಗೇ ಉಳಿಯುತ್ತದೆ. ಬೇರೊಂದು ಮಂಡಳಿ ಪ್ರತ್ಯೇಕವಾಗಿ ತನಿಖೆ ಮಾಡಿ, ಕಾರಣವನ್ನು ಬಹಿರಂಗ ವರದಿಯಲ್ಲಿ ಬರೆಯುತ್ತದೆ. ನಮ್ಮಲ್ಲಿ ಇರುವುದು ಮೊದಲನೆಯದರ ಬೀಗ ಮಾತ್ರ.

ಈ ವಿಷಯ ಗುಬ್ಬಿ ತಾಲ್ಲೂಕಿನ ಹಾಗಲವಾಡಿಯಂಥ ಊರಿನವರಿಗೆ ಏಕೆ ಎಂದು ಕೇಳುವವರಿಗೆ ಉತ್ತರ ಅದೇ ತಾಲ್ಲೂಕಿನಲ್ಲಿದೆ. ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ, 2016ರಲ್ಲಿ ಶಂಕುಸ್ಥಾಪನೆಯಾಗಿ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ನಿಂತಿದೆ. ಎಚ್‌ಎಎಲ್‌ಗೆ ಹೇಳಿಕೊಳ್ಳಲು ಚೆಂದದ ಚರಿತ್ರೆಯಿದೆ. ಬ್ರಿಟಿಷರು ಹೋಗುವಾಗ ಕೆಡಿಸಿ ಕಾನ್ಪುರದಲ್ಲಿ ಗುಡ್ಡೆಹಾಕಿದ್ದ ಲಿಬರೇಟರ್ ಬಾಂಬರ್‌ಗಳನ್ನು ಅದರ ಪೈಲಟ್ ಜಮ್ಷೆಡ್ ಮುನ್ಷಿ ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು, ಇಲ್ಲಿನ ಕೆಲಸಗಾರರು ಅವಕ್ಕೆ ಜೀವ ಕೊಟ್ಟರು. ಸ್ವತಂತ್ರ ಭಾರತದ ಮೊದಲ ಭಾರಿ ಬಾಂಬರ್ ಪಡೆ ಹುಟ್ಟಿದ್ದು ಹಾಗೆ. 1968ರವರೆಗೆ ಅವು ಸೇವೆಯಲ್ಲಿದ್ದವು. ಈ ಕತೆಯನ್ನು ಎದೆಯುಬ್ಬಿಸಿ ಹೇಳುವವರು ಕೈಲಾ ಅವರ ಕತೆಯನ್ನೂ ಅದರ ಪಕ್ಕದಲ್ಲೇ ಹೇಳಬೇಕು. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ಕಾವಲು ಪಡೆಯ, ಎಚ್‌ಎಎಲ್‌ನದೇ ಧ್ರುವ್ ಹೆಲಿಕಾಪ್ಟರ್ ಬಿದ್ದು ಮೂವರು ಸತ್ತಮೇಲೆ ದೇಶದ ಧ್ರುವ್‌ಗಳೆಲ್ಲ ತಿಂಗಳುಗಟ್ಟಲೆ ನೆಲಹಿಡಿದವು. ಆ ಹೆಲಿಕಾಪ್ಟರಿನಲ್ಲಿ ಬಿರುಕು ಬಿಟ್ಟ ಭಾಗ ಯಾವುದು, ಏಕೆ ಬಿಟ್ಟಿತು ಎಂಬುದನ್ನು ಕಾವಲಿನ ಕಾರ್ಖಾನೆಗೆ ಕೆಲಸಕ್ಕೆ ಸೇರುವ ಗುಬ್ಬಿಯ ಐಟಿಐ ಹುಡುಗ ಕನ್ನಡದಲ್ಲಿ ಓದುವಂತೆ ಅಚ್ಚು ಹಾಕಿಸಿದರೆ ಯಾವ ಶತ್ರುವಿಗೂ ಲಾಭವಾಗದು.