313ನೆಯ ಫ್ರೇಮನ್ನು ಓದುವುದು

ಸದ್ದಿಲ್ಲದ, 26 ಸೆಕೆಂಡುಗಳ ಒಂದು ಚಿತ್ರ. ಬಿಸಿಲು ಬಿದ್ದ ರಸ್ತೆ, ಮೇಲ್ಛಾವಣಿ ಇಲ್ಲದ ಗಾಢ ನೀಲಿ ಕಾರು, ಗುಲಾಬಿ ಬಣ್ಣದ ಉಡುಪು ತೊಟ್ಟ ಹೆಂಗಸು, ಪಕ್ಕದಲ್ಲಿ ಜನರತ್ತ ಕೈಬೀಸುತ್ತಿರುವ ಗಂಡ. ಕಾರು ಒಂದು ಫಲಕದ ಹಿಂದೆ ಮರೆಯಾಗಿ ಮತ್ತೆ ಕಾಣಿಸಿಕೊಳ್ಳುವಾಗ ಅವನ ಕೈಗಳು ಗಂಟಲಿನ ಕಡೆಗೆ ಏರಿರುತ್ತವೆ. ಹೆಚ್ಚುಕಡಿಮೆ ಐದು ಸೆಕೆಂಡುಗಳ ನಂತರ, 313ನೆಯ ಫ್ರೇಮಿನಲ್ಲಿ, ಅವನ ತಲೆಯ ಸುತ್ತ ಕೆಂಪು ಮಂಜಿನಂಥದ್ದೊಂದು ಅರಳುತ್ತದೆ. 312ರಲ್ಲಿ ಅದು ಇರುವುದಿಲ್ಲ. 314ಕ್ಕೆ ಬರುವಷ್ಟರಲ್ಲಿ ಅದು ಆಗಲೇ ತೆಳುವಾಗಿರುತ್ತದೆ.

1963ರ ನವೆಂಬರ್ 22ರಂದು ಡಲ್ಲಾಸ್ ನಗರದ ಡೀಲಿ ಪ್ಲಾಜಾದಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿಯ ಹತ್ಯೆಯನ್ನು ಹೀಗೆ ಚಿತ್ರೀಕರಿಸಿದವನು ಅಬ್ರಹಾಂ ಜಪ್ರೂಡರ್. ಹೆಂಗಸರ ಉಡುಪು ತಯಾರಿಸುತ್ತಿದ್ದ ವ್ಯಾಪಾರಿ. ಆ ದಿನ ಕ್ಯಾಮೆರಾವನ್ನು ಮನೆಯಲ್ಲೇ ಬಿಟ್ಟು ಬಂದಿದ್ದವನು, ಕಚೇರಿಯವರ ಒತ್ತಾಯಕ್ಕೆ ಹಿಂದಿರುಗಿ ಹೋಗಿ ತಂದ. ಎತ್ತರದಲ್ಲಿ ನಿಂತರೆ ತಲೆಸುತ್ತು ಬರುತ್ತಿದ್ದುದರಿಂದ, ಕಾಂಕ್ರೀಟ್ ಕಟ್ಟೆಯ ಮೇಲೆ ಹತ್ತಿ ನಿಂತಾಗ ಕಚೇರಿಯ ಸಹೋದ್ಯೋಗಿಯೊಬ್ಬಳು ಅವನನ್ನು ಹಿಂದಿನಿಂದ ಹಿಡಿದುಕೊಂಡಿದ್ದಳು. ಚಿತ್ರದಲ್ಲಿರುವುದು ಒಟ್ಟು 486 ಫ್ರೇಮುಗಳು. ಸೆಕೆಂಡಿಗೆ ಸರಾಸರಿ 18.3. ಪ್ರತಿ ಫ್ರೇಮೂ ಕಿರುಬೆರಳಿನ ಉಗುರಿಗಿಂತ ಚಿಕ್ಕದು.

ಈ ಆರು ದಶಕಗಳಲ್ಲಿ ಇಷ್ಟು ಚಿಕ್ಕ ಪಠ್ಯವೊಂದನ್ನು ಇಷ್ಟು ಜನ, ಇಷ್ಟು ಹಟದಿಂದ ಓದಿದ ಉದಾಹರಣೆ ಮತ್ತೊಂದು ಇರಲಾರದು. ಅದರಲ್ಲೂ 313ನೆಯ ಫ್ರೇಮಿನ ರಕ್ತ ಯಾವ ಕಡೆಗೆ ಚಿಮ್ಮಿತು ಎಂಬ ಒಂದೇ ಪ್ರಶ್ನೆಯ ಮೇಲೆ ಪುಸ್ತಕಗಳೇ ಬಂದಿವೆ. ಚಿಮ್ಮಿದ ದಿಕ್ಕು ಗೊತ್ತಾದರೆ ಗುಂಡು ಬಂದ ದಿಕ್ಕು ಗೊತ್ತಾಗುತ್ತದೆ, ಅದು ಗೊತ್ತಾದರೆ ಕೊಲೆಗಾರ ಒಬ್ಬನೋ ಹಲವರೋ ಎಂಬುದೂ ತಿಳಿಯುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಕೊಲೆಗಾರ ಯಾರೆಂದು ಹೇಳುವುದು ಈ ಬರಹದ ಕೆಲಸವಲ್ಲ. ಸಾಹಿತ್ಯವನ್ನು ಓದುವವರಿಗೆ ಇಲ್ಲಿ ಇನ್ನೊಂದು ಪ್ರಶ್ನೆಯಿದೆ: ಒಂದು ಪಠ್ಯದ ಮೇಲೆ ಎಷ್ಟು ಭಾರ ಹೊರಿಸಬಹುದು?

*

ರಕ್ತಕ್ಕೆ ಹೋಗುವ ಮೊದಲು ಪಠ್ಯದ ಸ್ಥಿತಿಯನ್ನು ನೋಡಬೇಕು. ಹಳೆಯ ತಾಳೆಗರಿಗಳ ಸಂಪಾದನೆ ಮಾಡುವವರು ಮೊದಲು ಕೇಳುವುದೂ ಇದನ್ನೇ: ಮೂಲ ಪ್ರತಿ ಯಾವುದು, ಎಲ್ಲಿ ಗ್ರಂಥಪಾತವಾಗಿದೆ, ಲಿಪಿಕಾರ ಎಲ್ಲಿ ತಪ್ಪಿದ್ದಾನೆ?

ಜಪ್ರೂಡರ್ ಚಿತ್ರಕ್ಕೂ ಇಂಥ ಚರಿತ್ರೆಯಿದೆ. ಅದೇ ದಿನ ಮೂಲದಿಂದ ಮೂರು ಪ್ರತಿಗಳಾದವು. 'ಲೈಫ್' ಪತ್ರಿಕೆ 1,50,000 ಡಾಲರಿಗೆ ಹಕ್ಕುಗಳನ್ನು ಕೊಂಡಿತು. ಆ ಪತ್ರಿಕೆಯ ಪ್ರಯೋಗಾಲಯದಲ್ಲಿ ಮೂಲ ಸುರುಳಿ ಹರಿದು, 208ರಿಂದ 211ರವರೆಗಿನ ನಾಲ್ಕು ಫ್ರೇಮುಗಳು ಮೂಲದಲ್ಲಿ ಇಲ್ಲವಾದವು. ಅವು ಉಳಿದಿರುವುದು ಪ್ರತಿಗಳಲ್ಲಿ ಮಾತ್ರ. ಇದು ಗ್ರಂಥಪಾತ.

ಲಿಪಿಕಾರನ ತಪ್ಪು ಇದಕ್ಕಿಂತ ಗಂಭೀರವಾದದ್ದು. ವಾರೆನ್ ಆಯೋಗ 1964ರಲ್ಲಿ ತನ್ನ ಸಾಕ್ಷ್ಯ ಸಂಪುಟಗಳನ್ನು ಪ್ರಕಟಿಸಿದಾಗ 18ನೆಯ ಸಂಪುಟದಲ್ಲಿ ಈ ಫ್ರೇಮುಗಳನ್ನು ಅಚ್ಚು ಹಾಕಿತು. ಅಲ್ಲಿ 314 ಮತ್ತು 315 ಅದಲುಬದಲಾಗಿದ್ದವು. ಮೂಲದಲ್ಲಿ 313ರ ನಂತರ ತಲೆ ಹಿಂದಕ್ಕೆ ಎಸೆಯಲ್ಪಡುತ್ತದೆ. ಅಚ್ಚಾದ ಕ್ರಮದಲ್ಲಿ ನೋಡಿದವರಿಗೆ ಅದು ಮುಂದಕ್ಕೆ ಹೋದಂತೆ ಕಾಣುವ ಸಾಧ್ಯತೆಯಿತ್ತು. ಓದುಗರು ಇದನ್ನು ಪತ್ತೆಹಚ್ಚಿ ಪ್ರಶ್ನಿಸಿದಾಗ ಎಫ್‌ಬಿಐ ಮುಖ್ಯಸ್ಥ ಹೂವರ್ ಇದು ಮುದ್ರಣದೋಷ ಎಂದು ಒಪ್ಪಿಕೊಂಡ. ದೋಷವೇ ಇರಬಹುದು. ಆದರೆ ಸರ್ಕಾರದ ವಾದಕ್ಕೆ ಅನುಕೂಲವಾಗುವ ಜಾಗದಲ್ಲೇ ಅದು ನಡೆದಿತ್ತು. ಆಮೇಲೆ ಬಂದ ಎಷ್ಟೋ ಅನುಮಾನಗಳಿಗೆ ಗೊಬ್ಬರವಾದದ್ದು ಇಂಥ ಅಜಾಗರೂಕತೆ.

ನೆನಪಿನಿಂದ ಓದಿದವರೂ ಇದ್ದರು. ಹತ್ಯೆಯ ಮೂರು ದಿನಗಳ ನಂತರ ಸಿಬಿಎಸ್ ವರದಿಗಾರ ಡ್ಯಾನ್ ರಾದರ್ ಚಿತ್ರವನ್ನು ನೋಡಿ ಬಂದು, ಅಧ್ಯಕ್ಷರ ತಲೆ ರಭಸದಿಂದ ಮುಂದಕ್ಕೆ ಹೋಯಿತು ಎಂದು ವರ್ಣಿಸಿದ. ಚಿತ್ರವನ್ನು ನೋಡುವ ಅವಕಾಶವಿಲ್ಲದ ಜನ ಆ ವರ್ಣನೆಯನ್ನೇ ನಂಬಬೇಕಾಯಿತು. ಅಮೆರಿಕದ ಸಾಮಾನ್ಯ ವೀಕ್ಷಕರು ಈ ಚಿತ್ರವನ್ನು ರಾಷ್ಟ್ರೀಯ ಟೆಲಿವಿಷನ್ನಿನಲ್ಲಿ ಚಲಿಸುವ ರೂಪದಲ್ಲಿ ನೋಡಿದ್ದು 1975ರ ಮಾರ್ಚಿನಲ್ಲಿ, ಹನ್ನೊಂದು ವರ್ಷಗಳ ಮೇಲೆ. ನೋಡಿದ ಕೂಡಲೇ ಅವರ ಕಣ್ಣಿಗೆ ಬಿದ್ದದ್ದು ಹಿಂದಕ್ಕೆ ಬೀಳುವ ತಲೆ. ತಮಗೆ ಇಷ್ಟು ದಿನ ಹೇಳಿದ್ದಕ್ಕೂ ಕಾಣುತ್ತಿರುವುದಕ್ಕೂ ಹೊಂದಾಣಿಕೆಯಿಲ್ಲ ಎಂದು ಅವರಿಗೆ ಅನ್ನಿಸಿದ್ದು ಸಹಜ.

*

ಈಗ ರಕ್ತ. ಅಪರಾಧ ವಿಜ್ಞಾನದಲ್ಲಿ ರಕ್ತದ ಕಲೆಗಳನ್ನು ಓದುವ ಒಂದು ಪದ್ಧತಿಯಿದೆ. ಗೋಡೆಯ ಮೇಲೆ ಓರೆಯಾಗಿ ಬಿದ್ದ ಹನಿ ದೀರ್ಘವೃತ್ತದ ಆಕಾರ ತಾಳುತ್ತದೆ. ಅದರ ಅಗಲ ಮತ್ತು ಉದ್ದಗಳ ಅನುಪಾತದಿಂದ ಬಿದ್ದ ಕೋನವನ್ನು ಲೆಕ್ಕಹಾಕಬಹುದು. ಇಂಥ ಹಲವು ಹನಿಗಳಿಂದ ಹಿಂದಕ್ಕೆ ಗೆರೆ ಎಳೆದರೆ ಅವು ಕೂಡುವ ಜಾಗವೇ ರಕ್ತ ಹೊರಟ ಜಾಗ. ಗುಂಡೇಟಿನಲ್ಲಿ ರಕ್ತ ಎರಡು ಕಡೆ ಚಿಮ್ಮುತ್ತದೆ: ಗುಂಡು ಹೊರಬಿದ್ದ ಕಡೆಗೆ ಮುಂಚಿಮ್ಮು, ಗುಂಡು ಒಳಹೊಕ್ಕ ಕಡೆಗೆ, ಅಂದರೆ ಗುಂಡು ಹಾರಿಸಿದವನತ್ತ, ಹಿಂಚಿಮ್ಮು. ಸಾಮಾನ್ಯವಾಗಿ ಮುಂಚಿಮ್ಮಿನ ಪ್ರಮಾಣ ಹೆಚ್ಚು, ಅದು ದೂರವೂ ಹೋಗುತ್ತದೆ.

313ನೆಯ ಫ್ರೇಮಿನಲ್ಲಿ ಕೆಂಪು ಮಂಜು ತಲೆಯ ಮೇಲೆ ಮತ್ತು ಮುಂದೆ ಹಬ್ಬಿದೆ. ಒಂದು ಓದಿನ ಪ್ರಕಾರ ಇದು ಮುಂಚಿಮ್ಮು. ಆದ್ದರಿಂದ ಗುಂಡು ಹಿಂದಿನಿಂದ, ಓಸ್ವಾಲ್ಡ್ ಇದ್ದನೆನ್ನಲಾದ ಪುಸ್ತಕ ಉಗ್ರಾಣದ ಆರನೆಯ ಮಹಡಿಯಿಂದ ಬಂತು. ಇನ್ನೊಂದು ಓದಿನ ಪ್ರಕಾರ ಅಷ್ಟು ಬೇಗ ಅರಳಿ ಅಷ್ಟು ಬೇಗ ಕರಗಿದ ಈ ಮಂಜು ಹಿಂಚಿಮ್ಮು. ಆದ್ದರಿಂದ ಗುಂಡು ಮುಂದಿನಿಂದ ಬಂತು. ಅದೇ ಫ್ರೇಮು, ಅದೇ ಹನಿಗಳು, ಅದೇ ಶಾಸ್ತ್ರದ ಪರಿಭಾಷೆ. ತೀರ್ಪುಗಳು ಮಾತ್ರ ಎದುರುಬದುರು.

ಹೀಗೇಕಾಯಿತು? ಆ ಶಾಸ್ತ್ರ ಹುಟ್ಟಿದ್ದು ಬಿದ್ದು ಒಣಗಿದ ಕಲೆಗಳನ್ನು ಓದಲು. ಇಲ್ಲಿರುವುದು ಗಾಳಿಯಲ್ಲಿರುವ ಹನಿಗಳು. ಒಂದೊಂದಾಗಿ ಅಳೆಯಲು ಅವು ಕಾಣುವುದೇ ಇಲ್ಲ. ಕಾಣುವುದು ಒಟ್ಟು ಮಂಜು. ಕ್ಯಾಮೆರಾ ಒಂದೇ, ಅದೂ ಪಕ್ಕದಿಂದ. ಮಂಜಿನ ಎಷ್ಟು ಭಾಗ ಕ್ಯಾಮೆರಾದತ್ತ ಬಂತು, ಎಷ್ಟು ಅತ್ತ ಹೋಯಿತು ಎಂಬುದನ್ನು ಚಪ್ಪಟೆಯಾದ ಬಿಂಬ ಹೇಳಲಾರದು. ತಲೆಬುರುಡೆ ಮುಚ್ಚಿದ ಪಾತ್ರೆಯಂತೆ. ರೈಫಲ್ ಗುಂಡು ಒಳಗೆ ಉಂಟುಮಾಡುವ ಒತ್ತಡಕ್ಕೆ ಅದು ಒಡೆದಾಗ ಒಳಗಿನದು ದುರ್ಬಲ ಜಾಗದಿಂದ ಹೊರನುಗ್ಗುತ್ತದೆ. ಆ ಜಾಗ ಗುಂಡಿನ ದಾರಿಯಲ್ಲೇ ಇರಬೇಕೆಂದಿಲ್ಲ.

ಕಾಲದ ಲೆಕ್ಕವನ್ನೂ ನೋಡಿ. ಎರಡು ಫ್ರೇಮುಗಳ ನಡುವಿನ ಅವಧಿ ಸೆಕೆಂಡಿನ 18ನೆಯ ಒಂದು ಭಾಗ. ಅಷ್ಟರಲ್ಲಿ ಗಂಟೆಗೆ 11 ಮೈಲಿಯಷ್ಟು ನಿಧಾನವಾಗಿ ಹೋಗುತ್ತಿದ್ದ ಕಾರು ಸುಮಾರು 27 ಸೆಂಟಿಮೀಟರ್ ಸಾಗುತ್ತದೆ. ರೈಫಲ್ ಗುಂಡಾದರೋ ಸುಮಾರು 30 ಮೀಟರ್ ಹಾರಿರುತ್ತದೆ. ಗುಂಡು ತಾಗಿದ ಕ್ಷಣ, ಬುರುಡೆ ಒಡೆದ ಕ್ಷಣ, ರಕ್ತ ಹೊರಟ ಕ್ಷಣ, ಎಲ್ಲವೂ 312 ಮತ್ತು 313ರ ನಡುವೆ ಎಲ್ಲೋ ಆಗಿಹೋಗಿವೆ. ನಾವು ಓದಬೇಕೆಂದುಕೊಂಡಿರುವ ವಾಕ್ಯ ಎರಡು ಪದಗಳ ನಡುವಿನ ಖಾಲಿ ಜಾಗದಲ್ಲಿದೆ.

ಚಿತ್ರದ ಹೊರಗಿನ ರಕ್ತವೂ ಎರಡು ಕಡೆಯ ಸಾಕ್ಷಿ ಹೇಳುತ್ತದೆ. ಅಧ್ಯಕ್ಷರ ಮುಂದಿನ ಆಸನಗಳಲ್ಲಿದ್ದ ಗವರ್ನರ್ ಕಾನಲಿ ದಂಪತಿಯ ಮೇಲೆ ರಕ್ತ ಬಿದ್ದಿತ್ತು. ಎಡಭಾಗದಲ್ಲಿ ಹಿಂದೆ ಬರುತ್ತಿದ್ದ ಮೋಟಾರ್‌ಸೈಕಲ್ ಪೊಲೀಸ್ ಬಾಬಿ ಹಾರ್ಗಿಸ್ ಮೇಲೂ ಬಿದ್ದಿತ್ತು. ಮುಂದಿನಿಂದ ಗುಂಡು ಬಂತು ಎನ್ನುವವರು ಹಾರ್ಗಿಸ್‌ನನ್ನು, ಹಿಂದಿನಿಂದ ಎನ್ನುವವರು ಕಾನಲಿಗಳನ್ನು ಉಲ್ಲೇಖಿಸುತ್ತಾರೆ. ಹಾರ್ಗಿಸ್ ನಿಂತಿರಲಿಲ್ಲ, ಮುಂದಕ್ಕೆ ಬರುತ್ತಿದ್ದ. ಗಾಳಿಯಲ್ಲಿದ್ದ ತುಂತುರಿನೊಳಗೆ ಅವನೇ ನುಗ್ಗಿರಬಹುದು ಎಂಬ ಸಣ್ಣ ಸಂಗತಿಯನ್ನು ಉತ್ಸಾಹದಲ್ಲಿ ಮರೆಯುವುದು ಸುಲಭ.

ಹಾಗೆಂದು ಎಲ್ಲ ಓದುಗಳೂ ಸಮಾನ ಎನ್ನಲಾಗದು. 1970ರ ದಶಕದ ಕೊನೆಯಲ್ಲಿ ಅಮೆರಿಕ ಸಂಸತ್ತಿನ ಸಮಿತಿ ನೇಮಿಸಿದ ವೈದ್ಯರ ತಂಡ ಶವಪರೀಕ್ಷೆಯ ಫೋಟೋ, ಎಕ್ಸ್‌ರೇಗಳನ್ನು ಪರಿಶೀಲಿಸಿ, ತಲೆಗೆ ಬಿದ್ದ ಗುಂಡು ಹಿಂದಿನಿಂದ ಬಂದದ್ದೆಂದು ಹೇಳಿತು. ವಾರೆನ್ ಆಯೋಗದ ಈ ಒಂದು ತೀರ್ಮಾನವನ್ನು ಅದು ಬದಲಿಸಲಿಲ್ಲ. ಮೂಳೆಯ ಮೇಲಿನ ಗಾಯಕ್ಕೆ ಹೇಳಲು ಆಗುವುದು ಗಾಳಿಯಲ್ಲಿನ ಮಂಜಿಗೆ ಆಗುವುದಿಲ್ಲ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 2009ರ ವರದಿಯಲ್ಲಿ ರಕ್ತದ ಕಲೆಗಳ ವಿಶ್ಲೇಷಣೆಯಲ್ಲಿರುವ ಅನಿಶ್ಚಿತತೆ ಬಹಳ ದೊಡ್ಡದೆಂದು ಎಚ್ಚರಿಸಿತು. ಗೋಡೆಯ ಮೇಲಿನ ಕಲೆಗಳಿಗೇ ಈ ಎಚ್ಚರಿಕೆ ಬೇಕಾದರೆ ಉಗುರಿಗಿಂತ ಚಿಕ್ಕ ಫ್ರೇಮಿನ ಮಂಜಿಗೆ ಇನ್ನೆಷ್ಟು ಬೇಕು?

*

ಹಾಗಾದರೆ ತಲೆ ಹಿಂದಕ್ಕೆ ಹೋದದ್ದೇಕೆ? ನೊಬೆಲ್ ಪಡೆದ ಭೌತವಿಜ್ಞಾನಿ ಲೂಯಿಸ್ ಆಲ್ವಾರೆಜ್ ಟೇಪು ಸುತ್ತಿದ ಕರಬೂಜ ಹಣ್ಣುಗಳಿಗೆ ಗುಂಡು ಹೊಡೆಸಿ ನೋಡಿದ. ಹಣ್ಣುಗಳು ಗುಂಡು ಬಂದ ದಿಕ್ಕಿನ ಕಡೆಗೇ ಉರುಳಿದವು. ಮುಂದಕ್ಕೆ ಚಿಮ್ಮಿದ ತಿರುಳು ರಾಕೆಟ್ಟಿನಂತೆ ಹಣ್ಣನ್ನು ಹಿಂದಕ್ಕೆ ತಳ್ಳಿತ್ತು. 1976ರಲ್ಲಿ ಪ್ರಕಟವಾದ ಈ ಪ್ರಯೋಗದ ಬಗ್ಗೆ ತಕರಾರುಗಳಿವೆ, ಹಣ್ಣು ತಲೆಯಲ್ಲ ಎಂಬುದು ಅವುಗಳಲ್ಲಿ ಮೊದಲನೆಯದು. ಆದರೂ ಗುಂಡಿನ ಪೆಟ್ಟಿಗೆ ವಸ್ತು ಹಿಂದಕ್ಕೇ ಹೋಗಬೇಕೆಂಬ ನಮ್ಮ ಸಿನಿಮಾ ಕಣ್ಣಿನ ಅಭ್ಯಾಸವನ್ನು ಅದು ಅಲುಗಾಡಿಸಿತು.

ಈ ಇಡೀ ಕಥೆಯಲ್ಲಿ ನನಗೆ ಹೆಚ್ಚು ಹತ್ತಿರವಾಗುವ ಓದುಗ ಜೋಸಯ್ಯ ಥಾಂಪ್ಸನ್. ಕೀರ್ಕೆಗಾರ್‌ನನ್ನು ಅಧ್ಯಯನ ಮಾಡಿದ ತತ್ತ್ವಶಾಸ್ತ್ರದ ಅಧ್ಯಾಪಕ, ಮುಂದೆ ಖಾಸಗಿ ಪತ್ತೇದಾರನಾದ. 1967ರ ತನ್ನ 'ಸಿಕ್ಸ್ ಸೆಕೆಂಡ್ಸ್ ಇನ್ ಡಲ್ಲಾಸ್' ಪುಸ್ತಕದಲ್ಲಿ, ಹಿಂದಕ್ಕೆ ಬೀಳುವ ಮೊದಲು 312 ಮತ್ತು 313ರ ನಡುವೆ ತಲೆ ಎರಡು ಅಂಗುಲದಷ್ಟು ಮುಂದಕ್ಕೆ ಹೋಗಿದೆ ಎಂದು ಅಳೆದು ತೋರಿಸಿದ. ಹಿಂದಿನಿಂದ ಒಂದು, ಮುಂದಿನಿಂದ ಒಂದು, ಹೀಗೆ ಎರಡು ಗುಂಡುಗಳು ಎಂದು ವಾದಿಸಿದ. ವಿಚಿತ್ರವೆಂದರೆ ಅವನ ವಿರೋಧಿಗಳಿಗೂ ಆ ಎರಡು ಅಂಗುಲ ಇಷ್ಟವಾಯಿತು. ಹಿಂದಿನ ಗುಂಡಿಗೆ ಅದು ಪುರಾವೆಯಾಗಿತ್ತು. ಐದು ದಶಕಗಳ ಮೇಲೆ, 2021ರ ಪುಸ್ತಕದಲ್ಲಿ, ಥಾಂಪ್ಸನ್ ತನ್ನದೇ ಅಳತೆಯನ್ನು ಹಿಂದಕ್ಕೆ ಪಡೆದ. 313ನೆಯ ಫ್ರೇಮು ತೆಗೆಯುವಾಗ ಕ್ಯಾಮೆರಾ ಅಲುಗಿತ್ತು. ಆ ಅಲುಗಾಟದಲ್ಲಿ ಬಿಂಬದ ಅಂಚುಗಳು ಕದಡಿ ಹಿಗ್ಗಿದ್ದವು. ತಾನು ಅಳೆದದ್ದು ತಲೆಯ ಚಲನೆಯನ್ನಲ್ಲ, ಆ ಮಸುಕನ್ನು ಎಂದು ಬರೆದ. ಅವನ ಹೊಸ ತೀರ್ಮಾನವನ್ನೂ ಎಲ್ಲರೂ ಒಪ್ಪಿಲ್ಲ. ಆದರೆ ಇಳಿವಯಸ್ಸಿನಲ್ಲಿ, ತನ್ನ ಹೆಸರಿನೊಂದಿಗೆ ಬೆಸೆದುಹೋದ ಓದನ್ನು ತಾನೇ ಕೈಬಿಡುವುದು ವಿಮರ್ಶೆಯಲ್ಲಿ ಅಪರೂಪ. ನಮ್ಮಲ್ಲಿ ಎಷ್ಟು ವಿಮರ್ಶಕರು ಐವತ್ತು ವರ್ಷಗಳ ನಂತರ 'ಆಗ ನಾನು ಮಸುಕನ್ನು ಅರ್ಥವೆಂದುಕೊಂಡೆ' ಎಂದಿದ್ದಾರೆ?

*

ಕಲಾವಿದರು ಇದನ್ನು ಬೇರೆ ಬೇರೆ ರೀತಿಯಲ್ಲಿ ಕಂಡರು. ಆಂಟೋನಿಯೋನಿಯ 'ಬ್ಲೋ ಅಪ್' (1966) ನೇರವಾಗಿ ಡಲ್ಲಾಸ್ ಬಗ್ಗೆ ಅಲ್ಲ. ಆದರೆ ಉದ್ಯಾನದಲ್ಲಿ ತೆಗೆದ ಫೋಟೋವನ್ನು ಹಿಗ್ಗಿಸುತ್ತ ಹೋಗುವ ಅದರ ನಾಯಕನಿಗೆ ಕೊನೆಗೆ ಸಿಗುವುದು ಬರೀ ಚುಕ್ಕಿಗಳು. ಪಸೋಲಿನಿ 1967ರ ಪ್ರಬಂಧದಲ್ಲಿ ಜಪ್ರೂಡರ್ ಚಿತ್ರವನ್ನೇ ಉದಾಹರಣೆಯಾಗಿ ತೆಗೆದುಕೊಂಡು, ಕಡಿತವಿಲ್ಲದ ದೃಶ್ಯ ಯಾವಾಗಲೂ ವರ್ತಮಾನದಲ್ಲಿರುತ್ತದೆ, ಸಂಕಲನವಾದಾಗಷ್ಟೇ ಅದು ಗತಕಾಲವಾಗಿ ಅರ್ಥ ಪಡೆಯುತ್ತದೆ ಎಂದ. ಸಾವು ಬದುಕಿಗೆ ಮಾಡುವುದನ್ನೇ ಸಂಕಲನ ಚಿತ್ರಕ್ಕೆ ಮಾಡುತ್ತದೆ ಎಂಬುದು ಅವನ ನಿಲುವು. ಆಲಿವರ್ ಸ್ಟೋನ್ 'ಜೆಎಫ್‌ಕೆ' (1991) ಚಿತ್ರದಲ್ಲಿ ಮಾಡಿದ್ದು ಅಕ್ಷರಶಃ ಇದೇ. ನ್ಯಾಯಾಲಯದ ದೃಶ್ಯದಲ್ಲಿ ಅವನ ನಾಯಕ ತಲೆ ಹಿಂದಕ್ಕೆ ಬೀಳುವ ತುಣುಕನ್ನು ಮತ್ತೆ ಮತ್ತೆ ತೋರಿಸಿ, ಅದು ಹೋದ ದಿಕ್ಕನ್ನು ಮಂತ್ರದಂತೆ ಪುನರುಚ್ಚರಿಸುತ್ತಾನೆ. ನೋಡುವವರ ಮೈ ಜುಮ್ಮೆನ್ನುತ್ತದೆ. ಆದರೆ ಪುನರುಕ್ತಿ ಪುರಾವೆಯ ಜಾಗದಲ್ಲಿ ಬಂದು ಕೂತಿರುವುದು ಥಿಯೇಟರಿನಿಂದ ಹೊರಬಂದ ಮೇಲಷ್ಟೇ ಹೊಳೆಯುತ್ತದೆ.

ಈ ಎಲ್ಲ ಓದುಗಳಲ್ಲಿ ಕಾಣದಾಗುವುದು ಆ ರಕ್ತ ಒಬ್ಬ ಮನುಷ್ಯನದು ಎಂಬುದು. ಜಪ್ರೂಡರ್‌ಗೆ ಅದು ಮರೆತಿರಲಿಲ್ಲ. ಹಕ್ಕು ಮಾರುವಾಗ 313ನೆಯ ಫ್ರೇಮನ್ನು ಪ್ರಕಟಿಸಬಾರದೆಂದು ಅವನು ಕೇಳಿಕೊಂಡಿದ್ದ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ಯಾರೋ ಜನರನ್ನು ಕೂಗಿ ಕರೆದು ಈ ಚಿತ್ರ ತೋರಿಸುತ್ತಿರುವಂತೆ ಅವನಿಗೆ ಕೆಟ್ಟ ಕನಸು ಬಿದ್ದಿತ್ತು. ಬಂದ ಹಣದಲ್ಲಿ ಮೊದಲ 25,000 ಡಾಲರನ್ನು ಅದೇ ದಿನ ಕೊಲೆಯಾದ ಪೊಲೀಸ್ ಅಧಿಕಾರಿ ಟಿಪ್ಪಿಟ್‌ನ ಹೆಂಡತಿಗೆ ಕೊಟ್ಟ.

ಅವನ ಕನಸು ನಿಜವಾಯಿತು. ಇವತ್ತು ಆ ಫ್ರೇಮು ಯಾರ ಮೊಬೈಲಿನಲ್ಲಾದರೂ ತೆರೆದುಕೊಳ್ಳುತ್ತದೆ. ಅದೇ ಹೊತ್ತಿಗೆ, ಅಂದಿನ ರಕ್ತ ನಿಜವಾಗಿ ಬಿದ್ದು ಒಣಗಿದ ಒಂದು ಬಟ್ಟೆ, ಜಾಕ್ವೆಲಿನ್ ಕೆನಡಿಯ ಗುಲಾಬಿ ಉಡುಪು, ಒಗೆಯದೆ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಅದನ್ನು ಉಟ್ಟೇ ಅವಳು ಹೊಸ ಅಧ್ಯಕ್ಷರ ಪ್ರಮಾಣವಚನದಲ್ಲಿ ನಿಂತಿದ್ದಳು. ಮಗಳು ಕ್ಯಾರೊಲಿನ್ ವಿಧಿಸಿದ ಷರತ್ತಿನಂತೆ 2103ರವರೆಗೆ ಅದನ್ನು ಸಾರ್ವಜನಿಕವಾಗಿ ತೋರಿಸುವಂತಿಲ್ಲ. ಸಂಶೋಧಕರಿಗೆ ಇದರಿಂದ ನಷ್ಟವೇನೋ ಇರಬಹುದು. ಆದರೂ ಆ ಷರತ್ತು ನನಗೆ ಸರಿಯೆನ್ನಿಸುತ್ತದೆ. ತಂದೆಯ ರಕ್ತವನ್ನು ಜಗತ್ತೆಲ್ಲ ನಿಲ್ಲಿಸಿ, ಹಿಗ್ಗಿಸಿ, ಹಿಂದೆ ಮುಂದೆ ಓಡಿಸಿ ನೋಡಿದ್ದಾಗಿದೆ. ಮಗಳು ಒಂದು ಬಟ್ಟೆಯನ್ನು ಮಡಿಸಿ ಎತ್ತಿಟ್ಟಿದ್ದಾಳೆ.