ಮರಿ ಮೂಸಿ ಬಿಟ್ಟ ಬಟ್ಟಲು

ನಾಯಿಮರಿ ಊಟ ಬಿಟ್ಟರೆ ನಮ್ಮ ಮನೆಗಳಲ್ಲಿ ಮೊದಲು ಬದಲಾಗುವುದು ಊಟ. ಬೆಳಿಗ್ಗೆ ಇಟ್ಟ ಒಣ ಕಾಳನ್ನು ಮೂಸಿ ಹೋಯಿತೆಂದರೆ ಮಧ್ಯಾಹ್ನ ಅದಕ್ಕೆ ಹಾಲು ಬೀಳುತ್ತದೆ. ಹಾಲನ್ನಷ್ಟೇ ನೆಕ್ಕಿ ಬಿಟ್ಟಿತೆಂದರೆ ರಾತ್ರಿ ಮೊಸರನ್ನ, ಮರುದಿನ ಬೇಯಿಸಿದ ಕೋಳಿ, ಅದೂ ಬೇಸರವಾದರೆ ಮೊಟ್ಟೆ, ಕೊನೆಗೆ ಗ್ಲೂಕೋಸ್ ಬಿಸ್ಕತ್ತು. ಬಟ್ಟಲು ಯಾವುದರಿಂದ ಖಾಲಿಯಾಗುತ್ತದೋ ಅಲ್ಲಿಗೆ ಹುಡುಕಾಟ ನಿಲ್ಲುತ್ತದೆ. ‘ನಮ್ಮ ಮರಿಗೆ ಇದೇ ಒಗ್ಗಿತು’ ಎಂದು ಮನೆಯವರೆಲ್ಲ ಸಮಾಧಾನಪಡುತ್ತಾರೆ. ಪ್ರೀತಿಯಿಂದಲೇ ನಡೆಯುವ ಈ ಕ್ರಮವನ್ನು ನಾನು ಒಪ್ಪಲಾರೆ. ಆಹಾರ ಒಳ್ಳೆಯದೋ ಅಲ್ಲವೋ ಎಂದು ತೀರ್ಮಾನಿಸುವ ಕೆಲಸವನ್ನು ಇಲ್ಲಿ ಎರಡು ತಿಂಗಳ ಮರಿಯ ಮೂಗಿಗೆ ಒಪ್ಪಿಸಿದ್ದೇವೆ. ಮೂಗಿಗೆ ವಾಸನೆ ಗೊತ್ತು. ಬೆಳೆಯುವ ಎಲುಬಿಗೆ ಏನು ಬೇಕೆಂಬುದು ಅದಕ್ಕೆ ಗೊತ್ತಿಲ್ಲ.

ನಾಯಿ ಆಹಾರದ ಉದ್ಯಮ ಇದನ್ನು ಬಹಳ ಹಿಂದೆಯೇ ಅರಿತುಕೊಂಡಿದೆ. ಕಾಳನ್ನು ಯಂತ್ರದಲ್ಲಿ ಬೇಯಿಸಿ ಒಣಗಿಸಿದ ಮೇಲೆ ಅದರ ಮೈಗೆ ಕೊಬ್ಬನ್ನೂ ಕಿಣ್ವಗಳಿಂದ ಕರಗಿಸಿದ ಲಿವರಿನಂಥ ರುಚಿದ್ರವ್ಯವನ್ನೂ ಸಿಂಪಡಿಸುತ್ತಾರೆ. ನಾಯಿ ಬಾಯಿ ಹಾಕುವುದು ಬಹುಮಟ್ಟಿಗೆ ಆ ಹೊರಲೇಪಕ್ಕೆ. ರುಚಿಯನ್ನು ಅಳೆಯಲು ಎರಡು ಬಟ್ಟಲುಗಳ ಪರೀಕ್ಷೆಯೊಂದಿದೆ: ಎರಡು ಬಗೆಯ ಆಹಾರವನ್ನು ಪಕ್ಕಪಕ್ಕದಲ್ಲಿಟ್ಟು, ನಾಯಿ ಮೊದಲು ಯಾವುದಕ್ಕೆ ಹೋಯಿತು, ಯಾವುದನ್ನು ಎಷ್ಟು ತಿಂದಿತು ಎಂದು ತೂಗುತ್ತಾರೆ. ‘ನಾಯಿಗಳು ಇಷ್ಟಪಡುತ್ತವೆ’ ಎಂಬ ಜಾಹೀರಾತಿನ ಮಾತು ಇಂಥ ಪರೀಕ್ಷೆಯಲ್ಲಿ ಗೆದ್ದದ್ದನ್ನಷ್ಟೇ ಹೇಳುತ್ತದೆ. ಆ ಆಹಾರದಲ್ಲಿ ಮರಿ ಹೇಗೆ ಬೆಳೆದೀತು ಎಂಬುದು ಬೇರೆಯೇ ಪ್ರಶ್ನೆ.

ಮನೆಯ ಊಟದಿಂದಲೇ ಶುರುಮಾಡೋಣ. ಹಾಲನ್ನ ನಮ್ಮಲ್ಲಿ ಮರಿಯ ಮೊದಲ ಊಟ; ಹಳ್ಳಿ, ಪೇಟೆ ಎಂಬ ಭೇದವಿಲ್ಲ. ಮೂರು ಕೆ.ಜಿ. ತೂಗುವ, ನಾಲ್ಕು ತಿಂಗಳು ತುಂಬದ ಮರಿಗೆ ಪಶುವೈದ್ಯರ ಸಾಮಾನ್ಯ ಸೂತ್ರದ ಪ್ರಕಾರ ದಿನಕ್ಕೆ ಸುಮಾರು 480 ಕ್ಯಾಲೊರಿ ಬೇಕು. ಬೆಳೆಯುವ ಮರಿಗಳಿಗೆಂದು ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘ, ಎಎಎಫ್‌ಸಿಒ, ಗೊತ್ತುಮಾಡಿರುವ ಕನಿಷ್ಠ ಮಟ್ಟವನ್ನು ಹಿಡಿದರೆ, ಅಷ್ಟು ಕ್ಯಾಲೊರಿಯೊಳಗೆ ಸುಮಾರು 27 ಗ್ರಾಂ ಪ್ರೋಟೀನ್, 1.4 ಗ್ರಾಂ ಕ್ಯಾಲ್ಸಿಯಂ ಇರಬೇಕು. ಈಗ 200 ಮಿ.ಲೀ. ಹಸುವಿನ ಹಾಲು, ಉಳಿದದ್ದಕ್ಕೆ ಅನ್ನ ಎಂದು ಲೆಕ್ಕ ಹಾಕಿ. ಹೊಟ್ಟೆ ತುಂಬುತ್ತದೆ, ಕ್ಯಾಲೊರಿಯೂ ಸರಿಹೋಗುತ್ತದೆ. ಪ್ರೋಟೀನ್ ಮಾತ್ರ ಬೇಕಾದುದರ ಅರ್ಧಕ್ಕೆ ನಿಲ್ಲುತ್ತದೆ, ಕ್ಯಾಲ್ಸಿಯಂ ಐದನೆಯ ಒಂದು ಭಾಗವನ್ನೂ ಮುಟ್ಟುವುದು ಕಷ್ಟ. ತಾಯಿನಾಯಿಯ ಹಾಲಿನಲ್ಲಿ ಹಸುವಿನ ಹಾಲಿನ ಎರಡು ಪಟ್ಟಿಗೂ ಹೆಚ್ಚು ಪ್ರೋಟೀನ್ ಮತ್ತು ಕೊಬ್ಬು ಇರುತ್ತದೆ, ಹಾಲಿನ ಸಕ್ಕರೆ ಮಾತ್ರ ಕಡಿಮೆ. ಮೊಲೆ ಬಿಟ್ಟ ಮೇಲೆ ಆ ಸಕ್ಕರೆಯನ್ನು ಅರಗಿಸುವ ಶಕ್ತಿಯೂ ತಗ್ಗುತ್ತ ಬರುತ್ತದೆ. ಹಾಲು ಹೆಚ್ಚಾದಾಗ ಮರಿಗೆ ಭೇದಿಯಾಗುವುದಕ್ಕೆ ಇದೊಂದು ಮುಖ್ಯ ಕಾರಣ.

‘ರಾಗಿಯಲ್ಲಿ ಕ್ಯಾಲ್ಸಿಯಂ ಇದೆಯಲ್ಲ’ ಎನ್ನುವವರು ಬಹಳ. ಇದೆ, ಧಾನ್ಯಗಳಲ್ಲಿ ಅದರ ಸಮಕ್ಕೆ ಬರುವಂಥದ್ದು ಅಪರೂಪ. 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿ.ಗ್ರಾಂ. ಆದರೆ ಇದೇ ಮರಿಗೆ ದಿನವಿಡೀ ರಾಗಿಯೊಂದನ್ನೇ ಗಂಜಿ ಕಾಯಿಸಿ ಕೊಟ್ಟರೂ 150 ಗ್ರಾಂ ಹಿಟ್ಟಿಗೆ ಕ್ಯಾಲೊರಿಯ ಲೆಕ್ಕ ಮುಗಿಯುತ್ತದೆ. ಅದರಿಂದ ಸಿಗುವ ಕ್ಯಾಲ್ಸಿಯಂ ಬೇಕಾದುದರ ಮೂರನೆಯ ಒಂದು ಭಾಗದ ಆಸುಪಾಸು. ಅದರಲ್ಲೂ ಒಂದಷ್ಟನ್ನು ರಾಗಿಯಲ್ಲೇ ಇರುವ ಫೈಟೇಟ್ ಹಿಡಿದಿಟ್ಟುಕೊಳ್ಳುತ್ತದೆ. ರಾಗಿ ಒಳ್ಳೆಯ ಧಾನ್ಯವೆಂಬುದರಲ್ಲಿ ನನಗೆ ಅನುಮಾನವಿಲ್ಲ. ಮರಿಯ ಎಲುಬಿನ ಭಾರವನ್ನೆಲ್ಲ ಅದರ ಮೇಲೆ ಹೊರಿಸುವುದು ತಪ್ಪು.

ಹೆಚ್ಚು ಚಿಂತೆ ಹುಟ್ಟಿಸುವುದು ಕೋಳಿ–ಅನ್ನ. ನೋಡಲು ಇದಕ್ಕಿಂತ ಒಳ್ಳೆಯ ಊಟವಿಲ್ಲ, ಮರಿಯೂ ಬಟ್ಟಲು ನೆಕ್ಕಿ ಮುಗಿಸುತ್ತದೆ. ಅರ್ಧ ಕ್ಯಾಲೊರಿ ಅನ್ನದಿಂದ, ಅರ್ಧ ಎಲುಬಿಲ್ಲದ ಕೋಳಿಯಿಂದ ಬಂದರೆ ಪ್ರೋಟೀನ್ 50 ಗ್ರಾಂ ತಲುಪುತ್ತದೆ, ಬೇಕಾದುದಕ್ಕಿಂತ ಧಾರಾಳ. ಕ್ಯಾಲ್ಸಿಯಂ ಮಾತ್ರ ಸುಮಾರು 40 ಮಿ.ಗ್ರಾಂ. ರಂಜಕ ಅದರ ಹತ್ತು ಪಟ್ಟು. ಬೆಳೆಯುವ ಮರಿಯ ಆಹಾರದಲ್ಲಿ ಕ್ಯಾಲ್ಸಿಯಂ ರಂಜಕಕ್ಕೆ ಸಮನಾಗಿರಬೇಕು ಇಲ್ಲವೇ ಒಂದಿಷ್ಟು ಹೆಚ್ಚಿರಬೇಕು. ಇಲ್ಲಿ ತಕ್ಕಡಿ ಪೂರ್ತಿ ತಲೆಕೆಳಗು. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯದಂತೆ ದೇಹ ಅದನ್ನು ಎಲುಬಿನಿಂದಲೇ ಸೆಳೆದುಕೊಳ್ಳತೊಡಗುತ್ತದೆ. ವಾರಗಟ್ಟಲೆ ಹೀಗೆ ನಡೆದರೆ ಮರಿ ಕುಂಟುತ್ತದೆ, ಕಾಲು ಬಾಗುತ್ತದೆ, ಸೋಫಾದಿಂದ ಜಿಗಿದಷ್ಟಕ್ಕೇ ಎಲುಬು ಮುರಿಯಬಹುದು. ಅಷ್ಟು ದಿನವೂ ಮನೆಯವರ ಕಣ್ಣಿಗೆ ಕಂಡದ್ದು ಚೊಕ್ಕವಾಗಿ ಖಾಲಿಯಾದ ಬಟ್ಟಲು. ರುಚಿಯ ತೀರ್ಪನ್ನು ನಂಬಬಾರದು ಎನ್ನುವುದಕ್ಕೆ ಇದಕ್ಕಿಂತ ಬಲವಾದ ಉದಾಹರಣೆ ನನಗೆ ತೋರದು.

ಮನೆಯಡುಗೆಯನ್ನೇ ಬೇಡವೆನ್ನುತ್ತಿಲ್ಲ. ಪೋಷಣೆ ಬಲ್ಲ ಪಶುವೈದ್ಯರು ಮರಿಯ ತೂಕ, ತಳಿ ನೋಡಿ ಬರೆದುಕೊಟ್ಟ ಪಾಕವನ್ನು, ಅವರು ಹೇಳಿದ ಖನಿಜ–ಜೀವಸತ್ವದ ಪುಡಿಯೊಂದಿಗೆ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಮಾಡುವವರಿಗೆ ಅದು ಉತ್ತಮ ದಾರಿ. ಕಣ್ಣಳತೆಯ ಅಡುಗೆಯನ್ನು ಮಾತ್ರ ನಂಬಲಾಗದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಪಶುವೈದ್ಯ ಶಾಲೆಯವರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ವಯಸ್ಕ ನಾಯಿಗಳಿಗೆಂದು ಪುಸ್ತಕಗಳಲ್ಲೂ ಅಂತರ್ಜಾಲದಲ್ಲೂ ಬಂದ 200 ಪಾಕಗಳನ್ನು ಪರೀಕ್ಷಿಸಿದ್ದರು. 190 ಪಾಕಗಳಲ್ಲಿ ಒಂದಾದರೂ ಅಗತ್ಯ ಪೋಷಕಾಂಶದ ಕೊರತೆಯಿತ್ತು. ವಯಸ್ಕ ನಾಯಿ ತಾಳಿಕೊಂಡೀತು, ಮರಿಗೆ ಅಷ್ಟು ಅವಕಾಶವಿಲ್ಲ. ಸಸ್ಯಾಹಾರದ ಮನೆಗಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಬೆಕ್ಕಿನಂತಲ್ಲದೆ, ನಾಯಿ ಮಾಂಸವಿಲ್ಲದೆಯೂ ಬದುಕಬಲ್ಲದು, ಆದರೆ ಮರಿಯ ಬೆಳವಣಿಗೆಗೆಂದೇ ರೂಪಿಸಿದ ಸಸ್ಯಾಹಾರ ಬೇಕು. ಮೊಸರನ್ನ ಅದಲ್ಲ.

ಉಳಿದ ಸಾರನ್ನವನ್ನು ಹಾಕುವ ರೂಢಿಯ ಬಗ್ಗೆ ಎರಡು ಮಾತು ಸಾಕಿತ್ತು: ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ. ಇದಕ್ಕೆ ಈಗ ಮೂರನೆಯದೊಂದು ಸೇರಿದೆ. ದ್ರಾಕ್ಷಿ, ಒಣದ್ರಾಕ್ಷಿಯಿಂದ ನಾಯಿಗಳ ಮೂತ್ರಪಿಂಡ ಕೆಡುವುದು ಮೊದಲೇ ತಿಳಿದಿತ್ತು. ಅದಕ್ಕೆ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಅಮೆರಿಕದ ವಿಷವೈದ್ಯ ತಜ್ಞರು ಸೂಚಿಸಿದ್ದು ಇತ್ತೀಚೆಗೆ. 2022ರಲ್ಲಿ ಹುಣಸೆಹಣ್ಣು ತಿಂದ ನಾಯಿಗಳಲ್ಲೂ ಅದೇ ತೊಂದರೆ ಕಂಡದ್ದನ್ನು ವರದಿ ಮಾಡಿದರು. ನಮ್ಮ ಸಾರು, ಹುಳಿ, ಗೊಜ್ಜುಗಳಿಗೆಲ್ಲ ಹುಣಸೆಯೇ ಜೀವಾಳ. ಮರಿಯ ಬಟ್ಟಲಿನಿಂದ ಅವನ್ನು ದೂರವಿಡಲು ಇಷ್ಟು ಸಾಕು.

ಹಾಗಾದರೆ ಅಂಗಡಿಯ ಚೀಲ? ಲಂಡನ್ನಿನಲ್ಲಿ 1860ರ ಸುಮಾರಿಗೆ ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕನ್ ನಾಯಿ ಬಿಸ್ಕತ್ತನ್ನು ಮಾರುಕಟ್ಟೆಗೆ ತಂದಾಗಿನಿಂದಲೂ ಈ ವ್ಯಾಪಾರ ನಾಯಿಯ ಹಸಿವಿಗಿಂತ ಯಜಮಾನನ ಕಣ್ಣನ್ನು ಹೆಚ್ಚು ನೆಚ್ಚಿಕೊಂಡಿದೆ. ಚೀಲದ ಮುಂಭಾಗದಲ್ಲಿ ಇಡೀ ಕೋಳಿ, ಹಾಲಿನ ಲೋಟ, ಕ್ಯಾರೆಟ್. ಹಿಂಭಾಗದ ಸಣ್ಣಕ್ಷರಗಳಲ್ಲಿ ಧಾನ್ಯವೇ ಮೊದಲು. ಧಾನ್ಯವಿರುವುದು ದೋಷವಲ್ಲ. ತೋಳಕ್ಕೆ ಹೋಲಿಸಿದರೆ ನಾಯಿಯಲ್ಲಿ ಪಿಷ್ಟವನ್ನು ಅರಗಿಸುವ ಜೀನಿನ ಪ್ರತಿಗಳು ಹಲವು ಪಟ್ಟು ಹೆಚ್ಚೆಂದು 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಧಾನ್ಯರಹಿತ ಎಂದು ದುಪ್ಪಟ್ಟು ಬೆಲೆಗೆ ಮಾರುವ ಚೀಲಗಳ ಮೇಲೆ ನನಗೆ ವಿಶೇಷ ಗೌರವವಿಲ್ಲ. ಅಂಥ ಆಹಾರಕ್ಕೂ ನಾಯಿಗಳ ಹೃದಯದ ಸ್ನಾಯುರೋಗಕ್ಕೂ ನಂಟಿದೆಯೇ ಎಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2018ರಲ್ಲಿ ವಿಚಾರಣೆಯನ್ನೇ ಆರಂಭಿಸಿತ್ತು.

ಚೀಲದ ಮೇಲೆ ನಿಜಕ್ಕೂ ಓದಬೇಕಾದ ಸಾಲು ಬೇರೆ. ಅದು ಪೂರ್ಣಾಹಾರವೇ, ಯಾವ ವಯಸ್ಸಿಗೆ, ಯಾರ ಮಾನದಂಡದಂತೆ ಎಂದು ಹೇಳುವ ಸಾಲು. ಎಎಎಫ್‌ಸಿಒ ಅಥವಾ ಯುರೋಪಿನ ಸಾಕುಪ್ರಾಣಿ ಆಹಾರ ಉದ್ಯಮದ ಒಕ್ಕೂಟವಾದ ಫೆಡಿಯಾಫ್ ಗೊತ್ತುಮಾಡಿದ ಮಟ್ಟಕ್ಕೆ ತಕ್ಕಂತೆ ‘ಬೆಳವಣಿಗೆಗೆ’ ಎಂದು ಸ್ಪಷ್ಟವಾಗಿ ಬರೆದಿರಬೇಕು. ನೀರಿನಂಶ ಕಳೆದ ಲೆಕ್ಕದಲ್ಲಿ ಮರಿಗೆ ಕನಿಷ್ಠ 22.5 ಶೇಕಡ ಪ್ರೋಟೀನ್, 8.5 ಶೇಕಡ ಕೊಬ್ಬು ಬೇಕು; ವಯಸ್ಕ ನಾಯಿಗೆ ಇದು 18 ಮತ್ತು 5.5. ನೀರನ್ನು ಕಳೆದೇ ಹೋಲಿಸಬೇಕು: ನೂರರಲ್ಲಿ 80 ಭಾಗ ನೀರು, 8 ಭಾಗ ಪ್ರೋಟೀನ್ ಎಂದಿರುವ ಗ್ರೇವಿ ಪೊಟ್ಟಣದಲ್ಲಿ ಒಣ ಲೆಕ್ಕಕ್ಕೆ 40 ಶೇಕಡ ಪ್ರೋಟೀನ್ ಇದೆ ಎಂದರ್ಥ. ಬೆಳೆದ ಮೇಲೆ 32 ಕೆ.ಜಿ. ಮೀರುವ ತಳಿಯಾದರೆ ‘ದೊಡ್ಡ ತಳಿಯ ಮರಿಗೂ’ ಎಂಬ ಮಾತಿರಬೇಕು, ಏಕೆಂದರೆ ಅವುಗಳಿಗೆ ಕ್ಯಾಲ್ಸಿಯಂ 1.8 ಶೇಕಡ ದಾಟಬಾರದು. ನಮ್ಮ 2006ರ ಆಹಾರ ಸುರಕ್ಷತಾ ಕಾಯ್ದೆಯ ವ್ಯಾಖ್ಯೆಯಲ್ಲಿ ಪ್ರಾಣಿಗಳ ಆಹಾರ ಸೇರುವುದೇ ಇಲ್ಲ. ಹಾಗಾಗಿ ಆ ಸಣ್ಣಕ್ಷರಗಳನ್ನು ಓದುವ ಹೊಣೆ ಕೊಳ್ಳುವವರ ಮೇಲೇ ಬೀಳುತ್ತದೆ.

ದೊಡ್ಡ ಚೀಲ ಬಿಚ್ಚಿ ಕೆ.ಜಿ. ಲೆಕ್ಕದಲ್ಲಿ ಬಿಡಿಯಾಗಿ ಮಾರುವುದನ್ನು ಕೊಳ್ಳಲೇಬೇಡಿ. ಗಾಳಿ ತಾಗಿದ ಕೊಬ್ಬು ಕಮಟುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಡ. ಅಂಥ ಕಾಳನ್ನು ಮರಿ ಮೂಸಿ ಬಿಟ್ಟರೆ ಆ ಒಂದು ಸಲ ಅದರ ಮೂಗನ್ನು ನಂಬಬೇಕು.

ಪೂರ್ಣಾಹಾರ ಕೊಡುತ್ತಲೇ ಅದರ ಮೇಲೆ ಕ್ಯಾಲ್ಸಿಯಂ ಸಿರಪ್ ಸುರಿಯುವುದು ನಮ್ಮಲ್ಲಿ ಬೇರುಬಿಟ್ಟ ಇನ್ನೊಂದು ರೂಢಿ. ಚಿಕ್ಕ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಮ್ಮನ್ನು ತಡೆಯುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ 1980ರ ದಶಕದಲ್ಲಿ ಗ್ರೇಟ್ ಡೇನ್ ಮರಿಗಳ ಮೇಲೆ ನಡೆದ ಅಧ್ಯಯನಗಳಲ್ಲಿ ಅತಿಯಾದ ಕ್ಯಾಲ್ಸಿಯಂ ಪಡೆದ ಮರಿಗಳ ಎಲುಬಿನ ಬೆಳವಣಿಗೆಯೇ ಕೆಟ್ಟಿತ್ತು. ಕೋಳಿ–ಅನ್ನದ ಮರಿಗೆ ಕೊರತೆ, ಸಿರಪ್ಪಿನ ಮರಿಗೆ ಅತಿ. ಎರಡರಲ್ಲೂ ಕೆಡುವುದು ಕಾಲು.

ಇಷ್ಟಾದರೂ ಮೂಲಪ್ರಶ್ನೆ ಉಳಿಯಿತು. ಒಳ್ಳೆಯ ಆಹಾರವನ್ನೇ ತಂದೆವು, ಮರಿ ತಿನ್ನುವುದಿಲ್ಲ, ಏನು ಮಾಡಬೇಕು? ಆಯ್ದಾಯ್ದು ತಿನ್ನುವ ಮರಿ ಹುಟ್ಟುವುದಕ್ಕಿಂತ ಹೆಚ್ಚಾಗಿ ಮನೆಯಲ್ಲಿ ತಯಾರಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಟ್ಟಲು ಬಿಟ್ಟರೆ ಇನ್ನೂ ರುಚಿಯಾದದ್ದು ಬರುತ್ತದೆ, ಜೊತೆಗೆ ಮನೆಮಂದಿಯೆಲ್ಲ ಸುತ್ತ ಕೂತು ಮುದ್ದುಮಾಡುತ್ತಾರೆ. ಇದನ್ನು ಕಲಿಯಲು ಮರಿಗೆ ಒಂದು ವಾರ ಬೇಡ. ಇನ್ನೊಂದು ಕಾರಣ ಹಲವರ ಗಮನಕ್ಕೇ ಬರುವುದಿಲ್ಲ: ನಾಲ್ಕು ತಿಂಗಳ ನಂತರ ಬೆಳವಣಿಗೆಯ ವೇಗ ಇಳಿಯುತ್ತದೆ, ತೂಕಕ್ಕೆ ಹೋಲಿಸಿದರೆ ಬೇಕಾಗುವ ಕ್ಯಾಲೊರಿ ಮೊದಲಿನ ಮೂರನೆಯ ಎರಡು ಭಾಗಕ್ಕೆ ಬರುತ್ತದೆ. ಅದೇ ಹೊತ್ತಿಗೆ ಹಾಲುಹಲ್ಲು ಬಿದ್ದು ಒಸಡು ನೋಯುತ್ತಿರುತ್ತದೆ. ಮರಿ ಸಾಕಾಗಿ ಬಿಟ್ಟದ್ದನ್ನು, ನೋವಿಗೆ ಬಿಟ್ಟದ್ದನ್ನು ನಾವು ಹಟ ಎಂದು ತಿಳಿಯುತ್ತೇವೆ.

ಬೆಲ್‌ಫಾಸ್ಟಿನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗವೊಂದು ನನಗೆ ಬಹಳ ಇಷ್ಟ. ಬಸಿರಿನಲ್ಲಿ ಸೋಂಪಿನ ಪರಿಮಳದ ಆಹಾರ ತಿಂದ ನಾಯಿಗಳ ಮರಿಗಳು ಹುಟ್ಟಿದ ಮರುದಿನವೇ ಆ ವಾಸನೆಯತ್ತ ಒಲವು ತೋರಿದವು. ರುಚಿ ಎಂಬುದು ಪರಿಚಯ. ಹೊಸ ಮನೆಗೆ ಬಂದ ಮರಿಗೆ ಬಟ್ಟಲಿನ ವಾಸನೆಯಾದರೂ ಹಳೆಯದೇ ಇರಲಿ. ಮೊದಲಿದ್ದ ಕಡೆ ಏನು ತಿನ್ನುತ್ತಿತ್ತು ಎಂದು ಕೇಳಿ, ಅದನ್ನೇ ಕೆಲವು ದಿನ ಮುಂದುವರಿಸಿ, ಆಮೇಲೆ ಒಂದು ವಾರದ ಅವಧಿಯಲ್ಲಿ ಹೊಸದನ್ನು ಸ್ವಲ್ಪಸ್ವಲ್ಪವೇ ಬೆರೆಸುತ್ತ ಹೋಗಿ. ಕಾಳಿಗೆ ಬೆಚ್ಚನೆಯ ನೀರು ಹಾಕಿ ಹತ್ತು ನಿಮಿಷ ನೆನೆಸಿದರೆ ಮೆತ್ತಗಾಗಿ ವಾಸನೆಯೂ ಏಳುತ್ತದೆ. ಒಸಡು ನೋಯುವ ಮರಿಗೆ ಇದೇ ಅರ್ಧ ಪರಿಹಾರ. ದಿನಕ್ಕೆ ಮೂರು ನಾಲ್ಕು ಸಲ, ಹೊತ್ತಿಗೆ ಸರಿಯಾಗಿ ಇಟ್ಟು, ಇಪ್ಪತ್ತು ನಿಮಿಷಕ್ಕೆ ಎತ್ತಿಬಿಡಿ. ಕೋಳಿಯೋ ಮೊಟ್ಟೆಯೋ ಬೆರೆಸುವುದಿದ್ದರೆ ದಿನದ ಕ್ಯಾಲೊರಿಯ ಹತ್ತನೆಯ ಒಂದು ಭಾಗ ಮೀರದಿರಲಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಾದರೆ ಹೆಚ್ಚಿನ ಪಾಲು ಬೆಳಗಿನ ಜಾವಕ್ಕೂ ಸಂಜೆ ತಂಪಾದ ಮೇಲಕ್ಕೂ ಇರಲಿ.

ಇಪ್ಪತ್ತು ನಿಮಿಷದ ಶಿಸ್ತು ಗೆಲುವಾಗಿ ಆಡಿಕೊಂಡಿರುವ ಮರಿಗೆ ಮಾತ್ರ. ಪೊಮೇರಿಯನ್, ಚಿಹುವಾಹುವಾದಂಥ ಪುಟ್ಟ ತಳಿಯ ಮರಿಗಳು ಕೆಲವು ಗಂಟೆ ಉಪವಾಸವಿದ್ದರೂ ರಕ್ತದ ಸಕ್ಕರೆ ಕುಸಿದು ತೂರಾಡಬಹುದು, ಸೆಟೆದುಕೊಳ್ಳಬಹುದು. ಒಸಡಿಗೆ ಸಕ್ಕರೆ ನೀರೋ ಜೇನುತುಪ್ಪವೋ ಸವರಿ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ವಾಂತಿ, ರಕ್ತಭೇದಿ, ಮಂಕು ಇದ್ದು ಊಟ ಬಿಟ್ಟಿದ್ದರೆ ಅದು ಪಾರ್ವೊ ಎಂಬ ವೈರಸ್ ರೋಗವಿರಬಹುದು. ಅಲ್ಲಿ ಆಹಾರ ಬದಲಿಸುತ್ತ ಕಳೆಯುವ ಒಂದೊಂದು ದಿನವೂ ಪ್ರಾಣಕ್ಕೆ ಎರವು. ಜಂತುಹುಳುವಿನ ಔಷಧಿ, ಲಸಿಕೆ ಆಗಿವೆಯೇ ಎಂದು ನೋಡದೆ ಮರಿಗೆ ‘ಬಾಯಿರುಚಿ ಜಾಸ್ತಿ’ ಎನ್ನಬಾರದು.

ಬಟ್ಟಲನ್ನು ಬಿಟ್ಟು ಮೈಯನ್ನು ನೋಡಬೇಕು. ಪಕ್ಕೆಲುಬು ಕಣ್ಣಿಗೆ ಎದ್ದು ಕಾಣದೆ ಬೆರಳಿಗೆ ಸುಲಭವಾಗಿ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು, ವಾರ ವಾರ ತೂಕ ಏರುತ್ತಿರಬೇಕು. ಇಷ್ಟಿದ್ದರೆ ತಟ್ಟೆಯಲ್ಲಿ ಉಳಿದದ್ದಕ್ಕೆ ಚಿಂತೆ ಬೇಡ. 2002ರಲ್ಲಿ ಪ್ರಕಟವಾದ, ಪ್ಯೂರಿನಾ ಕಂಪನಿಯೇ ನಡೆಸಿದ ಅಧ್ಯಯನದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಗಳಾಗಿದ್ದಾಗಿನಿಂದಲೇ ಜೋಡಿ ಜೋಡಿಯಾಗಿ ಸಾಕಿದ್ದರು. ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲು ಭಾಗ ಕಡಿಮೆ ಊಟ. ಕಡಿಮೆ ತಿಂದವುಗಳ ಮಧ್ಯಮ ಆಯುಷ್ಯ 13 ವರ್ಷ, ಹೆಚ್ಚು ತಿಂದವುಗಳದ್ದು 11.2. ಆಹಾರ ಮಾರುವವರೇ ಕೊಟ್ಟ ಲೆಕ್ಕವಾದ್ದರಿಂದ ನಾನದಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯ ಮರಿಗಳನ್ನು ಬೆಂಗಳೂರಿಗೆ ತಂದು ಸಾಕುವವರಿಗೆ ಈ ಮಾತು ವಿಶೇಷವಾಗಿ ಹೇಳಬೇಕು. ಅದು ಓಟದ ತಳಿ. ಎದೆ ಆಳ, ಹೊಟ್ಟೆ ಒಳಸೇರಿದ್ದು, ಆರೋಗ್ಯವಾಗಿದ್ದಾಗಲೂ ಕೊನೆಯ ಪಕ್ಕೆಲುಬುಗಳು ತುಸು ಕಾಣುತ್ತವೆ. ಪಕ್ಕದ ಮನೆಯ ಲ್ಯಾಬ್ರಡಾರ್ ಮರಿಯ ದುಂಡುಮೈ ನೋಡಿ ಅದರ ಬಟ್ಟಲಿಗೆ ತುಪ್ಪ ಸುರಿಯಬೇಡಿ. ತೂಕದ ಪಟ್ಟಿಯನ್ನು ಪಶುವೈದ್ಯರಿಗೆ ತೋರಿಸಿ. ಗೆರೆ ಮೇಲಕ್ಕೆ ಹೋಗುತ್ತಿದ್ದರೆ ಚೀಲ ಬದಲಿಸಲು ಕಾರಣವಿಲ್ಲ.