ಸಿ.ಟಿ. ‘ನಾರ್ಮಲ್’ ಬಂತು ಅಂದರೆ

ಲಕ್ವ ಹೊಡೆದವರನ್ನು ಆಸ್ಪತ್ರೆಗೆ ಹೊತ್ತೊಯ್ದ ಮನೆಯವರ ಬಾಯಲ್ಲಿ ಈ ಮಾತು ಸಾಮಾನ್ಯ: ‘ಸಿ.ಟಿ.ಯಲ್ಲಿ ಏನೂ ಇಲ್ಲವಂತೆ, ಎಂ.ಆರ್.ಐ. ಮಾಡಿಸಿದರೇ ಗೊತ್ತಾಗೋದಂತೆ.’ ಕೆಲವು ವೈದ್ಯರೂ ಇದನ್ನೇ ಹೇಳಿ ಆಂಬುಲೆನ್ಸ್ ಹತ್ತಿಸಿ ಕಳಿಸುತ್ತಾರೆ. ಸಿ.ಟಿ. ಎಂದರೆ ಬಡವರ ಎಂ.ಆರ್.ಐ. ಎಂಬ ತಾತ್ಸಾರಕ್ಕೇ ನನ್ನ ತಕರಾರು.

ಮೊದಲ ಗಂಟೆಗಳಲ್ಲಿ ಸಿ.ಟಿ. ಮಾಡಿಸುವುದು ಲಕ್ವ ಹೌದೋ ಅಲ್ಲವೋ ಎಂದು ತಿಳಿಯಲಿಕ್ಕಲ್ಲ. ಅದನ್ನು ಸೊಟ್ಟಗಾದ ಬಾಯಿ, ಜೋತುಬಿದ್ದ ಕೈ, ತೊದಲುವ ಮಾತು ಆಗಲೇ ಹೇಳಿರುತ್ತವೆ. ತಿಳಿಯಬೇಕಾದ್ದು ಮಿದುಳಿನಲ್ಲಿ ರಕ್ತ ಸೋರಿದೆಯೇ ಎಂಬುದು. ಹೊಸ ರಕ್ತ ಸಿ.ಟಿ.ಯಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ. ಅದಿಲ್ಲದಿದ್ದರೆ, ಬೇರೆ ಅಡ್ಡಿಯೂ ಇಲ್ಲದಿದ್ದರೆ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದು. 3 ಗಂಟೆಯೊಳಗೆ ಕೊಟ್ಟರೆ ಪ್ರಯೋಜನವಿದೆ ಎಂದು 1995ರಲ್ಲಿ ತೋರಿಸಿಕೊಟ್ಟ ಅಮೆರಿಕದ ಅಧ್ಯಯನ ನೆಚ್ಚಿಕೊಂಡದ್ದು ಸಾದಾ ಸಿ.ಟಿ.ಯನ್ನೇ. 2008ರಲ್ಲಿ ಯುರೋಪಿನ ಅಧ್ಯಯನ ಆ ಅವಧಿಯನ್ನು ನಾಲ್ಕೂವರೆ ಗಂಟೆಗೆ ಹಿಗ್ಗಿಸಿತು.

ಹಾಗಾದರೆ ಹಾನಿ ಯಾಕೆ ಕಾಣುವುದಿಲ್ಲ? ರಕ್ತದ ಹರಿವು ನಿಂತ ಭಾಗ ನೀರು ಹೀರಿಕೊಂಡ ಮೇಲಷ್ಟೇ ಚಿತ್ರದಲ್ಲಿ ಕಪ್ಪಾಗುತ್ತದೆ. ನೀರು ಶೇ. 1ರಷ್ಟು ಹೆಚ್ಚಿದರೆ ಸಾಂದ್ರತೆ ಇಳಿಯುವುದು ಸಿ.ಟಿ.ಯ ಅಳತೆಮಾನದಲ್ಲಿ ಸುಮಾರು 2.5 ಹೌನ್ಸ್‌ಫೀಲ್ಡ್ ಮಾತ್ರ. ಕೈ ಬಿದ್ದುಹೋಗಿದ್ದರೂ ಚಿತ್ರ ಶುಭ್ರವಾಗಿದೆಯೆಂದರೆ ಔಷಧ ಕೊಡಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗದು. ಆ ಗಳಿಗೆಯಲ್ಲೇ ನಾವು ರೋಗಿಯನ್ನು ರಸ್ತೆಗೆ ಇಳಿಸುತ್ತೇವೆ! ದೊಡ್ಡ ರಕ್ತನಾಳ ಕಟ್ಟಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂಬುದು ಒಂದು ಪ್ರಸಿದ್ಧ ಅಂದಾಜು.

‘ಏನೂ ಇಲ್ಲ’ ಎನ್ನುವ ಚಿತ್ರದಲ್ಲೂ ಎಷ್ಟೋ ಸಲ ಏನಾದರೂ ಇರುತ್ತದೆ. ಕಂಪ್ಯೂಟರಿನಲ್ಲಿ ವಿಂಡೋವನ್ನು, ಅಂದರೆ ಕಪ್ಪು-ಬಿಳುಪಿನ ವ್ಯಾಪ್ತಿಯನ್ನು, 40ರ ಆಸುಪಾಸಿಗೆ ಕಿರಿದು ಮಾಡಿದರೆ ಇನ್ಸುಲಾ ಎಂಬ ಮಿದುಳಿನ ಭಾಗದ ಬೂದು ಅಂಚು ಮಸುಕಾದದ್ದು ಕಂಡೀತು. ಹೆಪ್ಪು ಕೂತ ನಾಳ ಬಿಳಿ ಗೆರೆಯಾಗಿ ಹೊಳೆದೀತು. ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡುವವರಿಗೆ ಇವು ದಕ್ಕುವುದಿಲ್ಲ. ಆ ತಪ್ಪನ್ನು ಯಂತ್ರದ ತಲೆಗೆ ಕಟ್ಟುವುದು ಅನ್ಯಾಯ. 2000ದಲ್ಲಿ ಕೆನಡಾದ ಕ್ಯಾಲ್ಗರಿಯವರು ಕೊಟ್ಟ ಆಸ್ಪೆಕ್ಟ್ಸ್ ಎಂಬ, ಹಾನಿಯನ್ನು ಅಳೆಯುವ 10 ಅಂಕಗಳ ಲೆಕ್ಕ ಸಾದಾ ಸಿ.ಟಿ.ಗೆಂದೇ ರೂಪುಗೊಂಡದ್ದು.

ಎಂ.ಆರ್.ಐ. ಬೇಡವೆಂದಲ್ಲ. ಮಿದುಳುಕಾಂಡದ, ಕಿರುಮಿದುಳಿನ ಹಾನಿ ಸಿ.ಟಿ.ಯ ಕಣ್ಣು ತಪ್ಪಿಸುತ್ತದೆ. ನಿದ್ದೆಯಿಂದ ಏಳುವಾಗಲೇ ಲಕ್ವ ಹೊಡೆದಿದ್ದರೆ ಹೊತ್ತಿನ ಲೆಕ್ಕ ಹಿಡಿಯಲು ಎಂ.ಆರ್.ಐ. ನೆರವಾಗುತ್ತದೆ. ಆದರೆ ಹೊತ್ತು ಗೊತ್ತಿರುವ, ರಕ್ತ ಸೋರಿಲ್ಲದ ರೋಗಿಗೆ ಇಂಜೆಕ್ಷನ್ ಇಲ್ಲೇ ಬೀಳಬೇಕು. ಅದೇ ಮೇಜಿನ ಮೇಲೆ ಡೈ ಹಾಕಿ ತೆಗೆದ ಆಂಜಿಯೋದಲ್ಲಿ ದೊಡ್ಡ ನಾಳ ಕಟ್ಟಿದ್ದು ಕಂಡರೆ, ಹೆಪ್ಪು ಎಳೆದು ತೆಗೆಯುವ ಆಸ್ಪತ್ರೆಗೆ ಆಗ ಆಂಬುಲೆನ್ಸ್ ಹೊರಡಲಿ.